ಹಳೆಯ ಬ್ರಶ್, ತೂತು ಬಿದ್ದ ಬನಿಯನ್: ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಎಸೆಯಲಿ?

ಪ್ರಶ್ನೆ: ನಾನು ಯಾವುದನ್ನೂ ಸುಲಭಕ್ಕೆ ಎಸೆಯುವವಳಲ್ಲ. ಸವೆದ ಹಲ್ಲುಜ್ಜುವ ಬ್ರಶ್, ತೂತು ಬಿದ್ದ ಬನಿಯನ್, ಜೋಡಿ ಕಳೆದುಹೋದ ಸಾಕ್ಸ್, ಹಳೇ ಪೇಪರ್, ಖಾಲಿ ಸ್ಪ್ರೇ ಬಾಟಲಿ, ಎಲ್ಲವನ್ನೂ ‘ಕ್ಲೀನಿಂಗ್‌ಗೆ ಬೇಕಾಗುತ್ತೆ’ ಅಂತ ಎತ್ತಿಟ್ಟು ಒಂದು ಕಪಾಟೇ ತುಂಬಿದೆ. ಮನೆಯವರು ‘ಇದೆಲ್ಲ ಕಸ’ ಅನ್ನುತ್ತಾರೆ. ವಿಡಿಯೊದಲ್ಲಿ ನೋಡಿದ್ದನ್ನು ಮಾಡಲು ಹೋಗಿ ಎರಡು ಕಡೆ ಕೆಲಸ ಕೆಟ್ಟಿತು. ಅಲ್ಯೂಮಿನಿಯಂ ಫಾಯಿಲ್ ಉಂಡೆಯಿಂದ ನಾನ್‌ಸ್ಟಿಕ್ ಬಾಣಲೆ ಉಜ್ಜಿದೆ, ಗೀರು ಬಿತ್ತು. ಅಮೃತಶಿಲೆಯ ಕಟ್ಟೆಗೆ ವಿನೆಗರ್ ಹಾಕಿದೆ, ಮಂಕು ಮಚ್ಚೆ ಉಳಿಯಿತು. ನಿಜವಾಗಿ ಯಾವ ಹಳೆಯ ವಸ್ತು ಕೆಲಸಕ್ಕೆ ಬರುತ್ತದೆ, ಯಾವುದರಿಂದ ತೊಂದರೆ, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಕಪಾಟಿನಲ್ಲಿರುವುದರಲ್ಲಿ ಹೆಚ್ಚಿನದು ಕೆಲಸಕ್ಕೆ ಬರುವಂಥದ್ದೇ. ಹಾಗಾಗಿ ಮೊದಲು ಬೇಜಾರು ಬಿಡಿ. ಎಡವಿದ್ದು ಒಂದೇ ಕಡೆ. ‘ಈ ಫಾಯಿಲ್‌ನಿಂದ ಏನು ಉಜ್ಜಬಹುದು?’ ಅಂತ ಕೈಯಲ್ಲಿದ್ದ ವಸ್ತುವಿನಿಂದ ಯೋಚನೆ ಶುರು ಮಾಡಿದಿರಿ. ಶುರು ಮಾಡಬೇಕಾದ್ದು ಉಜ್ಜಬೇಕಾದ ಜಾಗದಿಂದ. ಆ ಜಾಗ ಎಷ್ಟು ಗಟ್ಟಿ, ಅದರ ಮೇಲೆ ಕೂತಿರುವ ಕೊಳೆ ಎಂಥದ್ದು, ಇಷ್ಟು ನೋಡಿಕೊಂಡರೆ ಕೈಗೆ ಏನು ಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಉಜ್ಜುವ ವಸ್ತು ಕೊಳೆಗಿಂತ ಗಟ್ಟಿ ಇರಬೇಕು, ಕೊಳೆ ಕೂತ ಜಾಗಕ್ಕಿಂತ ಮೆತ್ತಗಿರಬೇಕು. ಸ್ವಚ್ಛತೆಯ ಕೆಲಸ ಕಲಿಯಲು ಬರುವವರಿಗೆ ನಾನು ಮೊದಲ ದಿನ ಹೇಳಿಕೊಡುವುದು ಇದನ್ನೇ.

ಖನಿಜಗಳ ಗಡಸುತನ ಹೋಲಿಸಲು ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ 1ರಿಂದ 10ರವರೆಗಿನ ಒಂದು ಅಳತೆ ಮಾಡಿದರು. ಯಾವುದು ಯಾವುದರ ಮೇಲೆ ಗೀರು ಹಾಕುತ್ತದೆ ಅನ್ನುವುದೇ ಅದರ ಲೆಕ್ಕ. ನಮ್ಮ ಉಗುರು ಸುಮಾರು 2.5. ಅಲ್ಯೂಮಿನಿಯಂ 3ಕ್ಕೆ ಹತ್ತಿರ. ಅಮೃತಶಿಲೆ 3ರ ಆಸುಪಾಸು. ಕಿಟಕಿಯ ಗಾಜು ಸುಮಾರು 5.5. ಮರಳಿನ ಕಣ 7. ನಾನ್‌ಸ್ಟಿಕ್ ಲೇಪ ಪ್ಲಾಸ್ಟಿಕ್ ಜಾತಿಯದು, ಯಾವ ಲೋಹದ ಮುಂದೆಯೂ ತೀರಾ ಮೆತ್ತಗೆ. ನಿಮ್ಮ ಬಾಣಲೆಗೆ ಗೀರು ಬಿದ್ದದ್ದು ನೀವು ಜೋರಾಗಿ ಉಜ್ಜಿದ್ದರಿಂದ ಅಲ್ಲ. ಮೆಲ್ಲಗೆ ಉಜ್ಜಿದ್ದರೂ ಬೀಳುತ್ತಿತ್ತು.

ಈ ಅಳತೆಯಲ್ಲಿ ನಾವು ಮರೆಯುವ ವಸ್ತು ಒಂದಿದೆ. ಅದು ಧೂಳು. ಹೊರಗಿಂದ ಬರುವ ಧೂಳಿನಲ್ಲಿ ನುಣ್ಣನೆಯ ಮರಳು ಇದ್ದೇ ಇರುತ್ತದೆ. ಅದು ಗಾಜಿಗಿಂತ ಗಟ್ಟಿ, ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಾಲು ಗಟ್ಟಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಮನೆಯ ಅಕ್ರಿಲಿಕ್ ಶೋಕೇಸನ್ನು ನಾನು ಒಣ ಬಟ್ಟೆಯಲ್ಲಿ ಗಸಗಸ ಒರೆಸಿಬಿಟ್ಟೆ. ಬಟ್ಟೆ ತುಂಬಾ ಮೆತ್ತಗಿತ್ತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ ಇಡೀ ಶೋಕೇಸಿನ ಮೇಲೆ ಕೂದಲೆಳೆಯಂಥ ಸುತ್ತುಸುತ್ತು ಗೀರುಗಳು. ಗೀರು ಹಾಕಿದ್ದು ಬಟ್ಟೆ ಅಲ್ಲ, ಬಟ್ಟೆಗೂ ಅಕ್ರಿಲಿಕ್ಕಿಗೂ ನಡುವೆ ಸಿಕ್ಕಿಕೊಂಡ ಮರಳು. ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅದಕ್ಕೇ ಹೇಳುವುದು, ಕನ್ನಡಕ, ಟಿವಿ ಪರದೆ, ಪಾಲಿಶ್ ಮಾಡಿದ ಮರ, ಇಂಥದ್ದನ್ನೆಲ್ಲ ಮೊದಲು ಊದಿ, ಝಾಡಿಸಿ, ಇಲ್ಲವೇ ನೀರು ತಡೆಯುವಂಥದ್ದಾದರೆ ನೀರಲ್ಲಿ ತೊಳೆದು ಧೂಳು ಹೋಗಿಸಿ. ಆಮೇಲೆ ಒರೆಸಿ.

ಈಗ ನಿಮ್ಮ ಕಪಾಟಿಗೆ ಬರೋಣ.

ಅದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆ ಬಾಳುವುದು ಆ ಹಳೆಯ ಹತ್ತಿ ಬನಿಯನ್. ಹೊಸ ಹತ್ತಿ ಬಟ್ಟೆಗೆ ಗಂಜಿ, ಮೆರುಗಿನ ಲೇಪ ಎಲ್ಲ ಹಚ್ಚಿರುತ್ತಾರೆ. ಅದು ನೀರನ್ನು ಸರಿಯಾಗಿ ಹೀರುವುದಿಲ್ಲ, ತಳ್ಳುತ್ತದೆ. ಹತ್ತಾರು ಸಲ ಒಗೆದ ಬಟ್ಟೆಯಲ್ಲಿ ಆ ಲೇಪ ಉಳಿದಿರುವುದಿಲ್ಲ. ಸಡಿಲ ಎಳೆಗಳೂ ಒಗೆತದಲ್ಲಿ ಉದುರಿಹೋಗಿರುತ್ತವೆ, ಆದ್ದರಿಂದ ಒರೆಸಿದ ಜಾಗದಲ್ಲಿ ನಾರು ಉಳಿಯುವುದು ಕಡಿಮೆ. ಹತ್ತಿಯ ನಾರಿಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣ ಹುಟ್ಟಿನಿಂದಲೇ ಇದೆ. ಪಾಲಿಯೆಸ್ಟರ್‌ಗೆ ಅದಿಲ್ಲ. ಹಳೆಯ ಸಿಂಥೆಟಿಕ್ ಅಂಗಿ, ಆಟದ ಜೆರ್ಸಿ ಎಲ್ಲ ಒರೆಸುವ ಕೆಲಸಕ್ಕೆ ಸುಮ್ನೆ ಜಾಗ ತಿನ್ನುತ್ತವೆ. ಗೊತ್ತಾಗದಿದ್ದರೆ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ತಕ್ಷಣ ಒಳಗೆ ಹೋದರೆ ಇಟ್ಟುಕೊಳ್ಳಿ. ಮುತ್ತಿನ ಹಾಗೆ ಮೇಲೆ ಕೂತರೆ ಬೇಡ.

ಬನಿಯನ್ ಕತ್ತರಿಸುವುದರಲ್ಲೂ ಒಂದು ಕ್ರಮ ಇದೆ. ಹೊಲಿಗೆಯ ಅಂಚು, ಗುಂಡಿ, ಜಿಪ್, ಎದೆಯ ಮೇಲಿನ ರಬ್ಬರ್ ಚಿತ್ರ, ಎಲ್ಲ ಬೇರೆ ಮಾಡಿ. ಹೊಲಿಗೆ ದಪ್ಪಗೆ ಗಟ್ಟಿಯಾಗಿರುತ್ತದೆ, ಒರೆಸುವಾಗ ಗೆರೆ ಬಿಡುತ್ತದೆ. ಉಳಿದದ್ದನ್ನು ಒಂದೂವರೆ ಗೇಣು ಅಗಲದ ಚೌಕ ಮಾಡಿ. ಒಮ್ಮೆ ಮಡಚಿ, ಇನ್ನೊಮ್ಮೆ ಮಡಚಿ. ಈಗ ಅಂಗೈ ಅಗಲದ ದಿಂಬಿನಂಥ ಮಡಿಕೆ ಸಿಗುತ್ತದೆ. ಒಂದು ಮುಖ ಕೊಳೆಯಾದ ಕೂಡಲೇ ಮಡಿಕೆ ತಿರುಗಿಸಿ. ಹೀಗೆ ಒಳಗೂ ಹೊರಗೂ ತಿರುಗಿಸುತ್ತಾ ಹೋದರೆ ಒಂದೇ ಬಟ್ಟೆಯಲ್ಲಿ ಎಂಟು ಚೊಕ್ಕ ಮುಖ ಸಿಗುತ್ತವೆ. ಬಟ್ಟೆಯನ್ನು ಮುದ್ದೆ ಮಾಡಿ ಒರೆಸುವವರಿಗೆ ಈ ಎಂಟರಲ್ಲಿ ಒಂದೂ ಸಿಗುವುದಿಲ್ಲ. ಅವರು ಎತ್ತಿದ ಕೊಳೆಯನ್ನೇ ಮುಂದಿನ ಜಾಗಕ್ಕೆ ಬಳಿಯುತ್ತಾ ಹೋಗುತ್ತಾರೆ. ಇನ್ನೊಂದು ವಿಷಯ, ಈ ಬಟ್ಟೆಗಳನ್ನು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನಾರಿನ ಮೇಲೆ ಜಿಡ್ಡಿನ ತೆಳು ಪದರ ಬಿಡುತ್ತದೆ, ಹೀರುವ ಶಕ್ತಿ ಮತ್ತೆ ಕಡಿಮೆಯಾಗುತ್ತದೆ.

ಹಲ್ಲುಜ್ಜುವ ಬ್ರಶ್ ಎರಡನೆಯದು. 1938ಕ್ಕೆ ಮೊದಲು ಇದರ ಎಳೆಗಳು ಹಂದಿಯ ಕೂದಲಿನವು. ಆ ವರ್ಷ ನೈಲಾನ್ ಎಳೆಯ ಬ್ರಶ್ ಬಂತು. ನೈಲಾನ್ ನೀರು ಕುಡಿದು ಮುದುಡುವುದಿಲ್ಲ, ಬೇಗ ಒಣಗುತ್ತದೆ, ಸಾಬೂನು, ಸೋಡಾ ಯಾವುದಕ್ಕೂ ಜಗ್ಗುವುದಿಲ್ಲ. ಹಲ್ಲಿಗೆ ಬೇಡವಾದ ಮೇಲೂ ವರ್ಷಗಟ್ಟಲೆ ದುಡಿಯುವುದು ಇದರಿಂದಲೇ. ಮೆತ್ತನೆಯ ಬ್ರಶ್ಶಿನ ಒಂದೊಂದು ಎಳೆ ಸುಮಾರು 0.2 ಮಿಲಿಮೀಟರ್ ದಪ್ಪ. ಬಟ್ಟೆ ಸುತ್ತಿದ ಬೆರಳು ಹೋಗದ ಸಂದಿಗೆ ಅದು ನುಗ್ಗುತ್ತದೆ.

ಒಮ್ಮೆ ನಿಮ್ಮ ಸಿಂಕಿನ ನಲ್ಲಿಯ ಬುಡ ನೋಡಿ. ನಲ್ಲಿ ಕಟ್ಟೆಗೆ ಸೇರುವ ಸುತ್ತಿನಲ್ಲಿ ಬೂದು ಬಣ್ಣದ ಒಂದು ಉಂಗುರ ಇರುತ್ತದೆ. ಅದು ಒಂದೇ ಕೊಳೆಯಲ್ಲ. ಕೆಳಗೆ ಗಡಸು ನೀರಿನ ಸುಣ್ಣ, ಅದರ ಮೇಲೆ ಸಾಬೂನಿನ ಜಿಡ್ಡು, ಅದಕ್ಕೆ ಅಂಟಿದ ಧೂಳು. ಒಣಗಿದ್ದಾಗ ಕೆರೆದರೆ ಆ ಧೂಳಿನಲ್ಲಿರುವ ಮರಳೇ ಗೀರು ಹಾಕುತ್ತದೆ. ಹಾಗಾಗಿ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಸಿನೀರಲ್ಲಿ ಕಲಸಿ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಯಾರಿಗೂ ತಾಳ್ಮೆ ಇರುವುದಿಲ್ಲ, ಆದರೆ ಅರ್ಧ ಕೆಲಸ ಆಗುವುದು ಅಲ್ಲೇ. ಆಮೇಲೆ ಬ್ರಶ್ಶನ್ನು ಮಲಗಿಸಿ ಹಿಡಿಯದೆ, ಎಳೆಯ ತುದಿ ಮಾತ್ರ ತಾಗುವ ಹಾಗೆ ನಿಲ್ಲಿಸಿ ಹಿಡಿದು, ಸಣ್ಣಸಣ್ಣ ಸುತ್ತಿನಲ್ಲಿ ತಿರುಗಿಸಿ. ಒತ್ತಿ ಹಿಡಿದರೆ ಎಳೆ ಬಾಗುತ್ತದೆ, ತುದಿ ಕೆಲಸ ಮಾಡುವುದಿಲ್ಲ. ಜಿಡ್ಡು ಹೋದ ಮೇಲೂ ಬಿಳಿ ಸುಣ್ಣ ಉಳಿದರೆ ಆಗ ವಿನೆಗರ್ ಸರದಿ. ಜಿಡ್ಡಿನ ಮೇಲೆ ನೇರವಾಗಿ ವಿನೆಗರ್ ಹಾಕಿದರೆ ಅದು ಸುಣ್ಣವನ್ನು ಮುಟ್ಟುವುದೇ ಇಲ್ಲ. ಆದರೆ ಆ ನಲ್ಲಿ ಕೂತಿರುವುದು ಅಮೃತಶಿಲೆಯ ಕಟ್ಟೆಯ ಮೇಲಾದರೆ ವಿನೆಗರ್ ಬೇಡ, ಅದರ ಕಾರಣ ಮುಂದೆ ಹೇಳುತ್ತೇನೆ.

ಬ್ರಶ್ಶಿನ ಎಳೆ ತೀರಾ ಹರಡಿಕೊಂಡಿದ್ದರೆ ಕತ್ತರಿಯಿಂದ ಅರ್ಧ ಎತ್ತರಕ್ಕೆ ಕತ್ತರಿಸಿ. ಎಳೆ ಗಿಡ್ಡ ಆದಷ್ಟೂ ಬಿಗಿ ಜಾಸ್ತಿ. ಟೈಲ್ಸ್ ಸಂದು, ಕಿಟಕಿಯ ಹಳಿ, ಚಪ್ಪಲಿಯ ಅಡಿ, ಇಂಥ ಒರಟು ಕೆಲಸಕ್ಕೆ ಅದೇ ಸರಿ. ಬಣ್ಣ ಹಚ್ಚುವ ಹಳೆಯ ಬ್ರಶ್ ಇದ್ದರೆ ಇದಕ್ಕೆ ತದ್ವಿರುದ್ಧ, ಉದ್ದ ಎಳೆ ಹಾಗೇ ಇರಲಿ. ಕೀಬೋರ್ಡ್, ಸ್ಪೀಕರಿನ ಜಾಲರಿ, ಕೆತ್ತನೆ ಇರುವ ಚೌಕಟ್ಟು ಇವುಗಳ ಒಣ ಧೂಳು ತೆಗೆಯಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ನೀವು ಬರೆಯದ ಒಂದು ವಸ್ತು ಇದೆ, ಅವಧಿ ಮುಗಿದ ಬ್ಯಾಂಕ್ ಕಾರ್ಡ್. ಅದನ್ನು ಎಸೆಯಬೇಡಿ. ಜಗತ್ತಿನಲ್ಲಿ ಎಲ್ಲೇ ಹೋದರೂ ಈ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಇದು ಅಂತರರಾಷ್ಟ್ರೀಯ ಅಳತೆ. ಬಾಗುತ್ತದೆ, ಮುರಿಯುವುದಿಲ್ಲ. ಗಾಜಿಗಿಂತ, ಲೋಹಕ್ಕಿಂತ ಮೆತ್ತಗೆ. ಒಣಗಿದ ಗೋಂದು, ಸ್ಟಿಕ್ಕರಿನ ಅಂಟು, ಮೇಣದ ಬತ್ತಿಯ ಮೇಣ, ಒಲೆಯ ಮೇಲೆ ಗಟ್ಟಿಯಾದ ಜಿಡ್ಡು, ಎಲ್ಲವನ್ನೂ ಓರೆಯಾಗಿ ಹಿಡಿದು ಎಬ್ಬಿಸಬಹುದು. ಚಾಕು, ಬ್ಲೇಡ್ ಹಿಡಿಯುವ ಕಡೆಯೆಲ್ಲ ಮೊದಲು ಇದನ್ನು ಹಿಡಿಯಿರಿ. ಅಂಚು ಸವೆದರೆ ಕತ್ತರಿಯಲ್ಲಿ ಒಂದು ಗೆರೆ ಕತ್ತರಿಸಿದರೆ ಹೊಸ ಅಂಚು. ಬಳಸುವ ಮುಂಚೆ ಚಿಪ್, ಹಿಂದಿನ ಕಪ್ಪು ಪಟ್ಟಿ, ನಂಬರು ಎಲ್ಲ ಕತ್ತರಿಸಿ ಬೇರೆ ಬೇರೆ ಕಡೆ ಹಾಕಿ.

ಒಂಟಿ ಸಾಕ್ಸ್ ಕೈಗೆ ತೊಟ್ಟುಕೊಂಡರೆ ಐದು ಬೆರಳೂ ಒರೆಸುವ ಬಟ್ಟೆಯೇ. ಕುರ್ಚಿಯ ಕಾಲು, ಕಿಟಕಿಯ ಅಡ್ಡಪಟ್ಟಿ, ಮೆಟ್ಟಿಲ ಕಂಬಿ ಇವಕ್ಕೆ ಸಲೀಸು. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಕವರ್. ರೆಕ್ಕೆಯನ್ನು ಕವರಿನೊಳಗೆ ತೂರಿಸಿ, ಮೇಲಿಂದಲೂ ಕೆಳಗಿಂದಲೂ ಒತ್ತಿ ಹಿಡಿದು ಹಿಂದಕ್ಕೆ ಎಳೆದರೆ ಧೂಳು ಕವರಿನೊಳಗೇ ಬೀಳುತ್ತದೆ, ತಲೆಯ ಮೇಲಲ್ಲ. ಹಾಗೆ ಮಾಡುವ ಮುಂಚೆ ಸ್ವಿಚ್ ಆಫ್ ಆಗಿದೆಯಾ ಅಂತ ಇನ್ನೊಮ್ಮೆ ನೋಡಿ. ತೂತು ಬಿದ್ದ ರಬ್ಬರ್ ಗ್ಲೌಸ್ ಸ್ವಲ್ಪ ಒದ್ದೆ ಮಾಡಿ ಸೋಫಾದ ಮೇಲೆ ಒಂದೇ ದಿಕ್ಕಿಗೆ ಎಳೆದರೆ ಬೆಕ್ಕಿನ, ನಾಯಿಯ ಕೂದಲು ಉಂಡೆಯಾಗಿ ಬರುತ್ತದೆ. ಗೋಡೆಯ, ನೆಲದ ಕಪ್ಪು ಉಜ್ಜುಗೆರೆಗೆ ಪೆನ್ಸಿಲ್ ರಬ್ಬರ್.

ಹಳೇ ಪೇಪರಿನ ವಿಷಯದಲ್ಲಿ ಸ್ವಲ್ಪ ಎಚ್ಚರ. ಗಾಜು ಒರೆಸಲು ಅದು ಚೆನ್ನಾಗಿಯೇ ಇದೆ, ಯಾಕೆಂದರೆ ಬಟ್ಟೆಯ ಹಾಗೆ ನಾರು ಬಿಡುವುದಿಲ್ಲ. ಆದರೆ ಶಾಯಿ ಬಿಡುತ್ತದೆ. ಗಾಜಿನ ಮೇಲೆ ಬಿಡದಿದ್ದರೂ ಸುತ್ತಲಿನ ಬಿಳಿ ಚೌಕಟ್ಟಿಗೆ, ನಿಮ್ಮ ಬೆರಳಿಗೆ ಹತ್ತುತ್ತದೆ. ನಾನು ಪೇಪರನ್ನು ಇಟ್ಟುಕೊಳ್ಳುವುದು ಇನ್ನೊಂದು ಕೆಲಸಕ್ಕೆ. ಗಾಜಿನ ಲೋಟ ಒಡೆದಾಗ ದೊಡ್ಡ ಚೂರು ಆಯ್ದ ಮೇಲೆ ಕಣ್ಣಿಗೆ ಕಾಣದ ಪುಡಿ ಉಳಿಯುತ್ತದಲ್ವಾ? ಪೇಪರನ್ನು ದಪ್ಪಗೆ ಮಡಚಿ, ಒದ್ದೆ ಮಾಡಿ, ಆ ಜಾಗದ ಮೇಲೆ ಒತ್ತಿ ಎತ್ತಿ. ಪುಡಿ ಪೇಪರಿಗೆ ಅಂಟುತ್ತದೆ. ಹಾಗೇ ಸುತ್ತಿ ಕಸಕ್ಕೆ. ಇದಕ್ಕೆ ಒರೆಸುವ ಬಟ್ಟೆ ಯಾವತ್ತೂ ಬಳಸಬೇಡಿ. ಒಗೆದರೂ ಪುಡಿ ಅದರಲ್ಲೇ ಕೂತಿರುತ್ತದೆ, ಮುಂದಿನ ಸಲ ನಿಮ್ಮ ಕೈ ಕೊಯ್ಯುತ್ತದೆ.

ಫಾಯಿಲ್ ಕೂಡ ಪೂರ್ತಿ ಕೆಟ್ಟದ್ದೇನಲ್ಲ. ಒಲೆಯ ಕಬ್ಬಿಣದ ಜಾಲರಿಯಂಥ ಕಡೆ ಕರಿ ಎಬ್ಬಿಸಲು ಆಗುತ್ತದೆ. ಆದರೆ ಅದರ ನಿಜವಾದ ಉಪಯೋಗ ಉಜ್ಜುವುದರಲ್ಲಿ ಇಲ್ಲ, ಬೆಳ್ಳಿಯಲ್ಲಿ ಇದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲದೊಂದಿಗೆ ಸೇರಿ ಸಿಲ್ವರ್ ಸಲ್ಫೈಡ್ ಆಗುವುದರಿಂದ. ಒಂದು ಪಾತ್ರೆಯ ತಳಕ್ಕೆ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಬಿಸಿನೀರು ಸುರಿದು, ಲೀಟರಿಗೆ ಒಂದೆರಡು ಚಮಚ ಅಡುಗೆ ಸೋಡಾ ಹಾಕಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬರಬಹುದು, ಹೆದರಬೇಡಿ, ಅದು ಆ ಗಂಧಕದ್ದೇ. ಕೆಲವೇ ನಿಮಿಷದಲ್ಲಿ ಕಪ್ಪು ಕಳೆಯುತ್ತದೆ, ಬೆಳ್ಳಿ ಒಂದಿಷ್ಟೂ ಸವೆಯುವುದಿಲ್ಲ. ಕಲ್ಲು ಕೂರಿಸಿದ ಒಡವೆ, ಬೇಕಂತಲೇ ಕಪ್ಪು ಬಿಟ್ಟ ಕುಸುರಿಯ ಬೆಳ್ಳಿಗೆ ಮಾತ್ರ ಇದು ಬೇಡ.

ಇನ್ನು ವಿನೆಗರ್. ಅದರಲ್ಲಿ ಸುಮಾರು ಶೇಕಡಾ 5 ಅಸೆಟಿಕ್ ಆಮ್ಲ ಇರುತ್ತದೆ. ನಲ್ಲಿಯ ಸುಣ್ಣವನ್ನು ಅದು ಕರಗಿಸುತ್ತದೆ, ಯಾಕೆಂದರೆ ಆ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ವಿನೆಗರಿಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಿಮ್ಮ ಕಟ್ಟೆಯನ್ನೂ ಅದು ಸ್ವಲ್ಪ ಕರಗಿಸಿತು. ಅಲ್ಲಿ ಉಳಿದಿರುವುದು ಕಲೆ ಅಲ್ಲ, ಹೊಳಪು ಹೋದ ಕಲ್ಲು. ಅದಕ್ಕೆ ಯಾವ ಕ್ಲೀನರೂ ಕೆಲಸ ಮಾಡುವುದಿಲ್ಲ. ಸುಮ್ನೆ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ಕಲ್ಲು ಪಾಲಿಶ್ ಮಾಡುವವರು ಆ ಜಾಗವನ್ನಷ್ಟೇ ಮತ್ತೆ ತೀಡಿ ಹೊಳಪು ತರಬಹುದು. ಅಲ್ಲಿಯವರೆಗೆ ಸಾದಾ ನೀರು, ಒಂದೆರಡು ಹನಿ ಪಾತ್ರೆ ಲಿಕ್ವಿಡ್, ಮೆತ್ತನೆಯ ಬಟ್ಟೆ ಸಾಕು.

ವಿಡಿಯೊಗಳಲ್ಲಿ ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಬಾಟಲಿಗೆ ತುಂಬುವುದನ್ನೂ ನೋಡಿರುತ್ತೀರಿ. ನೊರೆ ಉಕ್ಕುವುದು ನೋಡಲು ಚೆಂದ. ಆದರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಬೆರೆತರೆ ಒಂದನ್ನೊಂದು ಕೊಂದು ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಶಕ್ತಿ ಇದೆ. ಸೋಡಾ ಜಿಡ್ಡಿಗೆ, ವಿನೆಗರ್ ಸುಣ್ಣಕ್ಕೆ.

ಇಷ್ಟು ಹೊತ್ತು ಹೇಳಿದ್ದು ಗೀರು, ಮಚ್ಚೆಯ ಮಾತು. ಅಲ್ಲಿ ತಪ್ಪಿದರೆ ವಸ್ತು ಹಾಳಾಗುತ್ತದೆ, ಅಷ್ಟೇ. ಈಗ ಹೇಳುವ ಮೂರು ವಿಷಯ ಜೀವಕ್ಕೆ ಸಂಬಂಧಪಟ್ಟದ್ದು, ದಯವಿಟ್ಟು ನಿಧಾನವಾಗಿ ಓದಿ.

ಮೊದಲನೆಯದು ನಿಮ್ಮ ಖಾಲಿ ಸ್ಪ್ರೇ ಬಾಟಲಿಗಳು. ಒಳಗೆ ಮೊದಲು ಏನಿತ್ತು ಅಂತ ಗೊತ್ತಿಲ್ಲದ ಬಾಟಲಿಯನ್ನು ಇವತ್ತೇ ಎಸೆಯಿರಿ. ಬ್ಲೀಚ್ ಇದ್ದ ಬಾಟಲಿಗೆ ವಿನೆಗರ್ ಅಥವಾ ಯಾವುದೇ ಆಮ್ಲದ ಕ್ಲೀನರ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಿದ್ದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುವ ಅನಿಲಗಳು. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಆಟವಲ್ಲ. ಮತ್ತೆ ಬಳಸುವ ಬಾಟಲಿ ಬರೀ ನೀರು ಅಥವಾ ಗಿಡಕ್ಕೆ ಸಿಂಪಡಿಸುವ ನೀರು ಇದ್ದದ್ದಾಗಿರಲಿ, ಮೇಲೆ ಏನಿದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿರಲಿ. ಕುಡಿಯುವ ನೀರಿನ, ಜ್ಯೂಸಿನ ಬಾಟಲಿಗೆ ಯಾವ ಕ್ಲೀನರನ್ನೂ ಹಾಕಬೇಡಿ, ಐದು ನಿಮಿಷಕ್ಕೂ ಬೇಡ. ಮಕ್ಕಳು ಬಾಟಲಿಯ ಆಕಾರ ನೋಡುತ್ತಾರೆ, ಮೇಲಿನ ಚೀಟಿ ಓದುವುದಿಲ್ಲ.

ಎರಡನೆಯದು ಎಣ್ಣೆ ಬಟ್ಟೆ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿ ಹುಟ್ಟಿಸುತ್ತದೆ. ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ಆ ಬಿಸಿ ಹೊರಗೆ ಹೋಗುವುದಿಲ್ಲ. ಯಾರೂ ಕಡ್ಡಿ ಗೀರದೆ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಇಂಥ ಚಿಂದಿಯಿಂದಲೇ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅಂಥ ಬಟ್ಟೆಯನ್ನು ಹೊರಗೆ ಒಂದೊಂದಾಗಿ ಬಿಚ್ಚಿ ಹರಡಿ ಪೂರ್ತಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ. ಮತ್ತೆ ಬಳಸಲು ಎತ್ತಿಡಬೇಡಿ.

ಮೂರನೆಯದು ಯಾವ ವಸ್ತು ಎಲ್ಲಿಗೆ ಹೋಗಿ ಬಂತು ಅನ್ನುವುದು. ಜರ್ಮನಿಯ ವಿಜ್ಞಾನಿಗಳು ಮನೆಮನೆಯಲ್ಲಿ ಬಳಸಿದ 14 ಪಾತ್ರೆ ಸ್ಪಂಜುಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಕೆಲವು ಕಡೆ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇದ್ದವು. ಅವೆಲ್ಲ ರೋಗ ತರುವಂಥವಲ್ಲ, ನಿಜ. ಆದರೆ ಸ್ಪಂಜು ಒಳಗೆ ಯಾವಾಗಲೂ ಒದ್ದೆ, ಅದಕ್ಕೇ ಅವು ಅಷ್ಟು ಬೆಳೆಯುತ್ತವೆ. ಆದ್ದರಿಂದ ಹಳೆಯ ಸ್ಪಂಜನ್ನು ಎತ್ತಿಡಬೇಡಿ. ಕೊನೆಯ ಸಲ ಚರಂಡಿಯ ಬಾಯಿ ಉಜ್ಜಿ ಅವತ್ತೇ ಕಸಕ್ಕೆ ಹಾಕಿ. ಬಟ್ಟೆ, ಬ್ರಶ್ಶುಗಳಿಗೆ ದಾರಿ ಒಂದೇ ಕಡೆಗೆ. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಟಾಯ್ಲೆಟ್ಟಿಗೆ, ಅಲ್ಲಿಂದ ಕಸಕ್ಕೆ. ವಾಪಸ್ ಬರುವ ದಾರಿ ಇಲ್ಲ. ಆಸ್ಪತ್ರೆಗಳಲ್ಲಿ ಇದಕ್ಕಾಗಿ ಬೇರೆ ಬೇರೆ ಬಣ್ಣದ ಬಟ್ಟೆ ಇಟ್ಟಿರುತ್ತಾರೆ. ಮನೆಯಲ್ಲಿ ಕತ್ತರಿ ಸಾಕು. ಬಚ್ಚಲಿಗೆ ಹೋಗುವ ಬಟ್ಟೆಯ ಒಂದು ಮೂಲೆ ಕತ್ತರಿಸಿ, ಟಾಯ್ಲೆಟ್ಟಿಗೆ ಹೋಗುವುದರ ಎರಡು ಮೂಲೆ. ಬ್ರಶ್ಶಿನ ಹಿಡಿಗೆ ರಬ್ಬರ್ ಬ್ಯಾಂಡ್, ಒಂದು ಅಥವಾ ಎರಡು. ಯಾರು ಎತ್ತಿಕೊಂಡರೂ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದು, ಬಿಡಿಸಿ ಒಣಹಾಕಿ. ಬ್ರಶ್ಶನ್ನು ಡಬ್ಬಿಯಲ್ಲಿ ನಿಲ್ಲಿಸುವುದಾದರೆ ಎಳೆ ಮೇಲಿರಲಿ. ಕೆಳಗಿದ್ದರೆ ತಳದ ನೀರಲ್ಲಿ ನೆನೆಯುತ್ತಾ ಕೂರುತ್ತದೆ.

ಎಷ್ಟು ಇಟ್ಟುಕೊಳ್ಳಬೇಕು? ಕಪಾಟು ಖಾಲಿ ಮಾಡಿ, ಒಂದು ಶೂ ಡಬ್ಬಿ ತೆಗೆದುಕೊಳ್ಳಿ. ನನ್ನ ಲೆಕ್ಕದಲ್ಲಿ ಹನ್ನೆರಡು ಬಟ್ಟೆ, ನಾಲ್ಕು ಬ್ರಶ್, ಎರಡು ಕಾರ್ಡ್, ಎರಡು ಸಾಕ್ಸ್, ಒಂದು ಬಣ್ಣದ ಬ್ರಶ್, ಒಂದು ದಿಂಬಿನ ಕವರ್. ಒಂದು ಮನೆಗೆ ಇಷ್ಟು ಧಾರಾಳ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಟಾಯ್ಲೆಟ್ ಸರದಿ ಮುಗಿಸಿ ಹೊರಗೆ ಹೋಗಲಿ. ಉಳಿದ ಬನಿಯನ್‌ಗಳ ಬಗ್ಗೆ ಮನೆಯವರು ಹೇಳುವುದರಲ್ಲಿ ಹುರುಳಿದೆ. ಅವನ್ನು ಬಿಟ್ಟುಬಿಡಿ.

ಬಾಣಲೆಯ ಮಾತು ಉಳಿಯಿತು. ಗೀರಿನ ಮೇಲೆ ಬೆರಳು ಆಡಿಸಿ ನೋಡಿ. ಬರೀ ಗೆರೆ ಇದ್ದು ಲೇಪ ಗಟ್ಟಿಯಾಗಿ ಕೂತಿದ್ದರೆ ಉರಿ ಕಡಿಮೆ ಇಟ್ಟು ಬಳಸಬಹುದು. ಚಕ್ಕೆ ಏಳುತ್ತಿದ್ದರೆ, ಕೆಳಗಿನ ಲೋಹ ಕಾಣುತ್ತಿದ್ದರೆ ಅದನ್ನು ಅಡುಗೆಗೆ ಇಡಬೇಡಿ. ಅಡಿ ಚಪ್ಪಟೆ ಇರುವುದರಿಂದ ಬ್ರಶ್ ತೊಳೆದು ಒಣಗಿಸಲು ತಟ್ಟೆಯಾಗಿ ಇಟ್ಟುಕೊಳ್ಳಬಹುದು.